ಭಾನುವಾರ ಸಂಜೆಯೊಳಗೆ ಬೋಣಿ

ಸಿಂಗಪುರಕ್ಕೆ ಹೋದವರು ಸಿಂಹದ ತಲೆ, ಮೀನಿನ ಬಾಲದ ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ, ಸೆಂತೋಸಾ ದ್ವೀಪಕ್ಕೆ ಹೋಗುತ್ತಾರೆ, ರಾತ್ರಿ ಮುಸ್ತಫಾ ಅಂಗಡಿಯಲ್ಲಿ ಚೀಲ ತುಂಬಿಸಿಕೊಂಡು ವಿಮಾನ ಹತ್ತುತ್ತಾರೆ. ಊರಿನ ಪಶ್ಚಿಮ ಭಾಗದಲ್ಲಿರುವ ಆಯರ್ ರಾಜಾ ಕ್ರೆಸೆಂಟ್ ಎಂಬ ಬೀದಿಯನ್ನು ನೋಡಿ ಬಂದೆವೆಂದು ಹೇಳುವವರು ಅಪರೂಪ. ನೋಡಲು ಅಲ್ಲಿ ಅಂಥದ್ದೇನೂ ಇಲ್ಲ ಎಂಬುದೂ ನಿಜವೇ.

ಸರ್ಕಲ್ ಲೈನ್ ರೈಲಿನಲ್ಲಿ ಒನ್ ನಾರ್ತ್ ನಿಲ್ದಾಣಕ್ಕೆ ಇಳಿಯಬೇಕು. ಸಿಂಗಪುರ ಭೂಮಧ್ಯರೇಖೆಯಿಂದ ಸುಮಾರು ಒಂದು ಡಿಗ್ರಿ ಉತ್ತರಕ್ಕಿದೆ. ಬಡಾವಣೆಗೆ ಆ ಹೆಸರು ಬಂದದ್ದು ಹಾಗೆ. ಮೆಟ್ಟಿಲೇರಿ ಹೊರಬಂದರೆ ಎದುರಿಗೆ ಫ್ಯೂಷನೊಪೊಲಿಸ್‌ನ ಗಾಜಿನ ಗೋಪುರಗಳು. ವಿಜ್ಞಾನಿಗಳು, ದೊಡ್ಡ ಕಂಪನಿಗಳವರು, ಕತ್ತಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಓಡಾಡುವವರು. ಅಲ್ಲಿಂದ ಸ್ವಲ್ಪ ದೂರ ನಡೆಯುವಷ್ಟರಲ್ಲಿ ಗಾಜು ಮುಗಿದು ಸಿಮೆಂಟು ಶುರುವಾಗುತ್ತದೆ. ಪೆಟ್ಟಿಗೆಯಾಕಾರದ ಹಳೆಯ ಕಟ್ಟಡಗಳು, ಗೋಡೆಯ ಮೇಲೆ ದೊಡ್ಡದಾಗಿ ಬರೆದ ಸಂಖ್ಯೆಗಳು: 71, 73, 79. ಪೀಣ್ಯದ ಶೆಡ್ಡುಗಳನ್ನು ಒಂದರ ಮೇಲೊಂದು ಜೋಡಿಸಿ ಸುಣ್ಣ ಬಳಿದರೆ ಹೇಗಿರುತ್ತದೋ ಹಾಗೆ.

ಆಯರ್ ಎಂದರೆ ಮಲಯ ಭಾಷೆಯಲ್ಲಿ ನೀರು. ರಾಜಾ ಎಂದರೆ ಏನೆಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಅರಸನ ನೀರಿನ ಹೆಸರು ಹೊತ್ತ ಈ ಜಾಗಕ್ಕೆ ಕಾರ್ಖಾನೆಗಳು ಬಂದದ್ದು ಸಿಂಗಪುರ 1965ರಲ್ಲಿ ಪ್ರತ್ಯೇಕ ದೇಶವಾದ ಮೇಲೆ. ಆಗ ಅಲ್ಲಿ ಇದ್ದ ದೊಡ್ಡ ಚಿಂತೆ ನಿರುದ್ಯೋಗ. ನೆಲ ಕಡಿಮೆ, ಜನ ಹೆಚ್ಚು. ಆದ್ದರಿಂದ ವಸತಿ ಸಮುಚ್ಚಯ ಕಟ್ಟಿದಂತೆಯೇ ಕಾರ್ಖಾನೆಗಳಿಗೂ ಬಹುಮಹಡಿ ಕಟ್ಟಡ ಎಬ್ಬಿಸಿದರು. ಒಂದೊಂದು ಅಂತಸ್ತಿನಲ್ಲೂ ಹತ್ತಾರು ಸಣ್ಣ ಉದ್ಯಮಗಳು. ಸಾಮಾನು ಏರಿಸಿ ಇಳಿಸಲು ದೊಡ್ಡ ಲಿಫ್ಟುಗಳು. ಕಾಲ ಬದಲಾಗಿ ಅಂಥ ಉದ್ಯಮಗಳು ಅಗ್ಗದ ಕೂಲಿ ಸಿಗುವ ದೇಶಗಳತ್ತ ಹೊರಟಾಗ 71ನೇ ಸಂಖ್ಯೆಯ ಕಟ್ಟಡವನ್ನು ಕೆಡವುವುದೆಂದು ತೀರ್ಮಾನವಾಗಿತ್ತು.

ಅದು ಉಳಿದದ್ದು 2011ರಲ್ಲಿ. ಸಿಂಗಪುರ ರಾಷ್ಟ್ರೀಯ ವಿಶ್ವವಿದ್ಯಾಲಯದ ಉದ್ಯಮ ವಿಭಾಗ, ಸಿಂಗ್‌ಟೆಲ್ ಕಂಪನಿಯ ಹೂಡಿಕೆ ಸಂಸ್ಥೆ ಮತ್ತು ಸರ್ಕಾರದ ಮಾಧ್ಯಮ ಅಭಿವೃದ್ಧಿ ಪ್ರಾಧಿಕಾರ ಮೂರೂ ಸೇರಿ, ಕೆಡವುವ ಬದಲು ಹೊಸದಾಗಿ ಉದ್ಯಮ ಶುರು ಮಾಡುವ ಹುಡುಗರಿಗೆ ಕಡಿಮೆ ಬಾಡಿಗೆಗೆ ಕೊಡೋಣ ಎಂದವು. ಮೂರೇ ವರ್ಷದಲ್ಲಿ ಲಂಡನ್ನಿನ ‘ಎಕನಾಮಿಸ್ಟ್’ ವಾರಪತ್ರಿಕೆ, ಇಷ್ಟು ಒತ್ತೊತ್ತಾಗಿ ಹೊಸ ಉದ್ಯಮಗಳು ತುಂಬಿಕೊಂಡಿರುವ ಜಾಗ ಜಗತ್ತಿನಲ್ಲಿ ಇನ್ನೊಂದಿಲ್ಲವೆಂಬ ಅರ್ಥದಲ್ಲಿ ಬರೆಯಿತು. ಪಕ್ಕದ ಕಟ್ಟಡಗಳನ್ನೂ ಇದಕ್ಕೇ ಬಿಟ್ಟುಕೊಡಲಾಯಿತು. ಇಂಥ ಜಾಗಗಳಿಗೆ ಹುಡುಗರು ಬಂದು ಸೇರುವ ದಾರಿಗಳಲ್ಲೊಂದು ಬಹಳ ವಿಚಿತ್ರವಾದದ್ದು. ಅದು ಶುರುವಾಗುವುದು ಶುಕ್ರವಾರ ಸಂಜೆ, ಮುಗಿಯುವುದು ಭಾನುವಾರ ರಾತ್ರಿ. ಒಟ್ಟು 54 ಗಂಟೆ.

ಅದರ ಹೆಸರು ‘ಸ್ಟಾರ್ಟಪ್ ವೀಕೆಂಡ್’. ವಾರದ ರಜೆಯಲ್ಲಿ ಒಂದು ಕಂಪನಿ ಕಟ್ಟುವ ಪಂದ್ಯ ಎನ್ನಬಹುದು. ಹುಟ್ಟಿದ್ದು ಸಿಂಗಪುರದಲ್ಲಲ್ಲ, ಅಮೆರಿಕದ ಕೊಲರಾಡೊ ರಾಜ್ಯದಲ್ಲಿ, ರಾಕಿ ಪರ್ವತದ ಬುಡದಲ್ಲಿರುವ ಬೋಲ್ಡರ್ ಎಂಬ ವಿಶ್ವವಿದ್ಯಾಲಯದ ಊರಿನಲ್ಲಿ. 2007ರ ಜುಲೈನಲ್ಲಿ ಆಂಡ್ರ್ಯೂ ಹೈಡ್ ಎಂಬ ಯುವಕ ಸುಮಾರು 70 ಮಂದಿಯನ್ನು ಒಂದೆಡೆ ಕೂಡಿಸಿ, ಸೋಮವಾರದೊಳಗೆ ಎಲ್ಲರೂ ಸೇರಿ ಒಂದೇ ಕಂಪನಿ ಕಟ್ಟೋಣ ಎಂದ. ಸ್ನೇಹಿತರ ಗುಂಪು ಎಲ್ಲಿ ಊಟಕ್ಕೆ ಹೋಗಬೇಕು, ಯಾವ ಸಿನಿಮಾ ನೋಡಬೇಕು ಎಂಬಂಥದ್ದನ್ನು ಫೋನಿನಲ್ಲೇ ಮತ ಹಾಕಿ ತೀರ್ಮಾನಿಸುವ ‘ವೋಸ್ನ್ಯಾಪ್’ ಎಂಬ ಸೇವೆ ಅವರ ಕೈಗೂಸು. ಎಪ್ಪತ್ತು ಜನ ಅಡುಗೆಭಟ್ಟರು ಒಂದೇ ಒಲೆಯ ಸುತ್ತ ನಿಂತರೆ ಸಾರಿಗೆ ಎಷ್ಟು ಸಲ ಉಪ್ಪು ಬಿದ್ದೀತು! ಆ ಕಂಪನಿ ಬಾಳಲಿಲ್ಲ. ಆದರೆ ಪಂದ್ಯ ಬಾಳಿತು. ಮುಂದೆ ಒಂದರ ಬದಲು ಹಲವು ತಂಡಗಳು, ತಂಡಕ್ಕೆ ಕೆಲವೇ ಜನ ಎಂಬ ಪದ್ಧತಿ ಬಂತು. ನೂರಕ್ಕೂ ಹೆಚ್ಚು ದೇಶಗಳಿಗೆ ಅದು ಹಬ್ಬಿತು, ಬೆಂಗಳೂರಿನಲ್ಲೂ ನಡೆದಿದೆ. 2015ರಲ್ಲಿ ಬೋಲ್ಡರ್‌ನದೇ ಆದ ‘ಟೆಕ್‌ಸ್ಟಾರ್ಸ್’ ಸಂಸ್ಥೆ ಅದನ್ನು ತನ್ನ ತೆಕ್ಕೆಗೆ ತೆಗೆದುಕೊಂಡಿತು.

ಪಂದ್ಯ ನಡೆಯುವ ಜಾಗ ಒಂದೊಂದು ಸಲ ಒಂದೊಂದು: ಕಾಲೇಜು, ಗ್ರಂಥಾಲಯ, ಯಾರದೋ ಕಚೇರಿ. ಕ್ರಮ ಮಾತ್ರ ಎಲ್ಲೆಡೆ ಒಂದೇ. ಶುಕ್ರವಾರ ಸಂಜೆ ಊಟವಾದ ಮೇಲೆ, ಯಾರಿಗೆ ಏನು ಯೋಚನೆಯಿದೆಯೋ ಅವರೆಲ್ಲ ಸಾಲಾಗಿ ನಿಲ್ಲುತ್ತಾರೆ. ಒಬ್ಬರಿಗೆ ಒಂದೇ ನಿಮಿಷ. ಅರವತ್ತನೆಯ ಸೆಕೆಂಡಿಗೆ ಸಭಿಕರು ಚಪ್ಪಾಳೆ ತಟ್ಟಿ ಮಾತು ಮುಳುಗಿಸಿಬಿಡುತ್ತಾರೆ. ವಿಧಾನಸಭೆಗಳಿಗೂ ಈ ಪದ್ಧತಿ ತಂದರೆ ಚೆನ್ನಾಗಿತ್ತು. ಆಮೇಲೆ ಪ್ರತಿ ಯೋಚನೆಯನ್ನೂ ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಜನ ಅಂಟುಚೀಟಿ ಹಿಡಿದು ಓಡಾಡಿ, ಹಿಡಿಸಿದ್ದಕ್ಕೆ ಮತ ಹಚ್ಚುತ್ತಾರೆ. ಹೆಚ್ಚು ಚೀಟಿ ಬಿದ್ದವು ಉಳಿಯುತ್ತವೆ; ಉಳಿದವರು ತಮ್ಮ ಯೋಚನೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಇನ್ನೊಬ್ಬರ ತಂಡ ಸೇರಬೇಕು. ನೋಡುವವರಿಗೆ ಕುತೂಹಲ ಹುಟ್ಟಿಸುವ ಗಳಿಗೆ ಇದೇ. ಪಿ.ಯು.ಸಿ.ಯಲ್ಲಿ ಸದಾ ಮೊದಲ ಬೆಂಚಿನಲ್ಲಿ ಕುಳಿತವನಿಗೆ ತನ್ನ ಯೋಚನೆಗೆ ಎರಡೇ ಮತ ಬಂದದ್ದನ್ನು ನುಂಗಿಕೊಳ್ಳುವುದು ಸುಲಭವಲ್ಲ. ಪರೀಕ್ಷೆಯಲ್ಲಾದರೆ ಮರು ಎಣಿಕೆಗೆ ಅರ್ಜಿ ಹಾಕಬಹುದು.

ತಂಡದಲ್ಲಿ ಮೂರು ಬಗೆಯವರು ಬೇಕು: ಕಂಪ್ಯೂಟರ್ ಬಲ್ಲವರು, ಚಂದಗಾಣಿಸಬಲ್ಲವರು, ಮಾತನಾಡಿ ಮಾರಬಲ್ಲವರು. ಇಂಜಿನಿಯರಿಂಗ್ ವಿದ್ಯಾರ್ಥಿಗಳಷ್ಟೇ ಸೇರಿಕೊಂಡ ತಂಡ ಶನಿವಾರವಿಡೀ ತಲೆಯೆತ್ತದೆ ಏನನ್ನೋ ಕಟ್ಟುತ್ತದೆ. ಬೇಕೇ ಎಂದು ಯಾರನ್ನೂ ಕೇಳಿರುವುದಿಲ್ಲ. ಮಾರ್ಗದರ್ಶಕರಾಗಿ ಬರುವ ಅನುಭವಿಗಳು ಮೇಜಿನಿಂದ ಮೇಜಿಗೆ ಹೋಗಿ ಹೇಳುವುದು ಒಂದೇ ಮಾತು: ಎದ್ದು ಬೀದಿಗೆ ಹೋಗಿ. ಹಾಗೆ ಶನಿವಾರ ಮಧ್ಯಾಹ್ನ ಹುಡುಗ ಹುಡುಗಿಯರು ರೈಲು ನಿಲ್ದಾಣದ ಬಾಗಿಲಲ್ಲಿ, ಊಟದ ಅಂಗಡಿಗಳ ಮುಂದೆ ಅಪರಿಚಿತರನ್ನು ತಡೆದು ನಿಲ್ಲಿಸಿ, ಇಂಥದ್ದೊಂದು ಇದ್ದರೆ ದುಡ್ಡು ಕೊಡುತ್ತೀರಾ ಎಂದು ಕೇಳುತ್ತಾರೆ. ಸಿಂಗಪುರದ ಜನ ಬಿರುಸಾಗಿ ನಡೆಯುವವರು, ನಿಲ್ಲುವವರಲ್ಲ. ಹತ್ತು ಮಂದಿ ಮುಖ ತಿರುಗಿಸಿದ ಮೇಲೆ ಹನ್ನೊಂದನೆಯವರು ನಿಂತು, ಈ ತೊಂದರೆ ನನಗಿಲ್ಲವಲ್ಲ ಎಂದರೆ ಶುಕ್ರವಾರದಿಂದ ಕಟ್ಟಿದ್ದೆಲ್ಲ ಕುಸಿಯುತ್ತದೆ. ಭಾನುವಾರ ಸಂಜೆ ತೀರ್ಪುಗಾರರ ಮುಂದೆ ನಿಲ್ಲುವುದರೊಳಗೆ ಒಬ್ಬರಾದರೂ ನಿಜವಾದ ಗಿರಾಕಿ ನಿಜವಾದ ಹಣ ಕೊಟ್ಟಿದ್ದರೆ ಆ ತಂಡಕ್ಕೆ ಬಹಳ ಬೆಲೆ. ನಮ್ಮ ಪೇಟೆಯವರು ಬೋಣಿ ಎನ್ನುವುದು ಅದನ್ನೇ.

2012ರ ಮಾರ್ಚಿನಲ್ಲಿ ಸಿಂಗಪುರದಲ್ಲಿ ನಡೆದ ಇಂಥ ಒಂದು ಪಂದ್ಯಕ್ಕೆ ರಾಷ್ಟ್ರೀಯ ವಿಶ್ವವಿದ್ಯಾಲಯದ ಮೂವರು ಬಂದರು: ಕ್ವೆಕ್ ಸಿಯು ರುಯಿ, ಲೂಕಸ್ ನ್ಗೂ ಮತ್ತು ಮಾರ್ಕಸ್ ಟಾನ್. ಮನೆಯಲ್ಲಿ ಬಳಸದೆ ಬಿದ್ದಿರುವ ಸಾಮಾನನ್ನು ಮಾರಲು ಆಗಿನ ಜಾಲತಾಣಗಳಲ್ಲಿ ದೊಡ್ಡ ಕಸರತ್ತು ಮಾಡಬೇಕಿತ್ತು. ಕ್ಯಾಮೆರಾದಲ್ಲಿ ಫೋಟೊ ತೆಗೆದು, ಕಂಪ್ಯೂಟರಿಗೆ ಹಾಕಿ, ಉದ್ದನೆಯ ಅರ್ಜಿ ತುಂಬಬೇಕು. ಕೈಯಲ್ಲಿರುವ ಫೋನಿನಲ್ಲೇ ಒಂದು ಚಿತ್ರ ತೆಗೆದು ಬೆಲೆ ಬರೆದರೆ ಸಾಲದೇ ಎಂಬುದು ಇವರ ಪ್ರಶ್ನೆ. ‘ಸ್ನ್ಯಾಪ್‌ಸೆಲ್’ ಎಂಬ ಹೆಸರಿನಲ್ಲಿ ಅದನ್ನು ಮುಂದಿಟ್ಟರು, ಗೆದ್ದರು. ಅದೇ ವರ್ಷದ ಆಗಸ್ಟ್‌ನಲ್ಲಿ ‘ಕರೌಸೆಲ್’ ಎಂಬ ಹೊಸ ಹೆಸರಿನಲ್ಲಿ ಜನರಿಗೆ ಬಿಡುಗಡೆ ಮಾಡಿದರು. ಆರಂಭದ ದಿನಗಳಲ್ಲಿ ಅವರಿಗೆ ಆಸರೆಯಾದದ್ದು 71ನೇ ಕಟ್ಟಡ. 2021ರಲ್ಲಿ ಹೂಡಿಕೆದಾರರು ಆ ಕಂಪನಿಗೆ ಕಟ್ಟಿದ ಬೆಲೆ 110 ಕೋಟಿ ಅಮೆರಿಕನ್ ಡಾಲರ್. ಮರುವರ್ಷವೇ, 2022ರ ಡಿಸೆಂಬರಿನಲ್ಲಿ, ತೀರಾ ಅವಸರದಲ್ಲಿ ಬೆಳೆದೆವೆಂದು ಕಂಡು ಸಿಬ್ಬಂದಿಯಲ್ಲಿ ಹತ್ತನೆಯ ಒಂದು ಭಾಗವನ್ನು, ಅಂದರೆ ನೂರಕ್ಕೂ ಹೆಚ್ಚು ಮಂದಿಯನ್ನು, ಕೆಲಸದಿಂದ ಬಿಡಿಸಬೇಕಾಯಿತು. ಕೋಟಿಯ ಲೆಕ್ಕ ಹೇಳುವವರು ಈ ಲೆಕ್ಕವನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಇನ್ನೊಂದು ಕಥೆ ದೂರದ ಬ್ರೆಜಿಲ್‌ನದು. 2011ರಲ್ಲಿ ರಿಯೊ ಡಿ ಜನೈರೊ ನಗರದ ಪಂದ್ಯಕ್ಕೆ ತಾಲಿಸ್ ಗೋಮೆಸ್ ಎಂಬಾತ ಹೊತ್ತು ಹೋದದ್ದು ಬಸ್ಸು ಎಲ್ಲಿದೆ ಎಂದು ತಿಳಿಸುವ ಸೇವೆಯ ಯೋಚನೆ. ಅಂಥದ್ದು ಆಗಲೇ ಬರುತ್ತಿದೆ ಎಂದು ತಿಳಿದು ಪೆಚ್ಚಾದ. ಮಳೆಯ ರಾತ್ರಿ ಮನೆಗೆ ಮರಳಲು ಟ್ಯಾಕ್ಸಿ ಸಿಗದೆ ಒದ್ದಾಡಿದಾಗ ಬಸ್ಸು ಬಿಟ್ಟು ಟ್ಯಾಕ್ಸಿ ಹಿಡಿದ. ‘ಈಸಿ ಟ್ಯಾಕ್ಸಿ’ ಹುಟ್ಟಿ ಹಲವು ದೇಶಗಳಿಗೆ ಹರಡಿ, 2017ರಲ್ಲಿ ‘ಕ್ಯಾಬಿಫೈ’ ಜತೆ ವಿಲೀನವಾಯಿತು.

ಆದರೆ ಇವು ನೆನಪಿನಲ್ಲಿ ಉಳಿದ ಕಥೆಗಳು. ಹೆಚ್ಚಿನ ತಂಡಗಳು ಸೋಮವಾರ ಬೆಳಿಗ್ಗೆ ಇರುವುದಿಲ್ಲ. ಗೆದ್ದವರೂ ಅಷ್ಟೇ. ಒಬ್ಬಳಿಗೆ ಪರೀಕ್ಷೆ, ಒಬ್ಬನಿಗೆ ನೌಕರಿ, ಇನ್ನೊಬ್ಬನಿಗೆ ಭಾನುವಾರದ ಹುರುಪು ಮಂಗಳವಾರಕ್ಕೆ ಇಳಿದಿರುತ್ತದೆ. ಮುಂದುವರಿಯುವ ತಂಡಕ್ಕೆ ಮೊದಲ ಕಲ್ಲು ಎದುರಾಗುವುದೂ ಅಲ್ಲೇ: ಕಂಪನಿ ಯಾರದು? ಮಾತು ತಂದವನದೇ, ರಾತ್ರಿಯೆಲ್ಲ ಕಂಪ್ಯೂಟರ್ ಕುಟ್ಟಿದವಳದೇ, ಚಂದದ ಮಾತಾಡಿ ತೀರ್ಪುಗಾರರನ್ನು ಒಲಿಸಿದವನದೇ? ಪಾಲು ಎಷ್ಟೆಷ್ಟು ಎಂಬುದನ್ನು ಸ್ನೇಹ ಬೆಚ್ಚಗಿರುವಾಗಲೇ ಕಾಗದದ ಮೇಲೆ ಬರೆದುಕೊಳ್ಳದವರು ಆಮೇಲೆ ಸ್ನೇಹವನ್ನೂ ಕಂಪನಿಯನ್ನೂ ಕಳೆದುಕೊಳ್ಳುತ್ತಾರೆ. ನಮ್ಮ ಅಣ್ಣತಮ್ಮಂದಿರ ಅಂಗಡಿಗಳ ಕಥೆ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾದರೆ ತಂದೆತಾಯಿಗಳು ಇದನ್ನು ಹೇಗೆ ನೋಡುತ್ತಾರೆ? ಸಿಂಗಪುರದ ತಂದೆತಾಯಿಗಳು ನಮ್ಮವರಿಗಿಂತ ಧೈರ್ಯಸ್ಥರೆಂದು ಯಾರೂ ಭ್ರಮಿಸಬೇಕಾಗಿಲ್ಲ. ಅಲ್ಲಿನ ಹೊಕ್ಕಿಯೆನ್ ಚೀನೀ ಭಾಷೆಯಲ್ಲಿ ‘ಕಿಯಾಸು’ ಎಂಬ ಮಾತಿದೆ. ಎಲ್ಲಿ ಹಿಂದೆ ಬೀಳುತ್ತೇವೋ ಎಂಬ ಭಯ ಎಂದು ಅದರ ಅರ್ಥ. ಹನ್ನೆರಡನೆಯ ವಯಸ್ಸಿಗೆ ಪ್ರಾಥಮಿಕ ಶಾಲೆಯ ಕೊನೆಯ ಪರೀಕ್ಷೆ. ಅದರ ಅಂಕದ ಮೇಲೆ ಮುಂದಿನ ಶಾಲೆ. ಶಾಲೆಯಿಂದ ಬಂದ ಮಗು ಸೀದಾ ಟ್ಯೂಷನ್ನಿಗೆ. ಗಂಡುಮಕ್ಕಳಿಗೆ ಎರಡು ವರ್ಷ ಕಡ್ಡಾಯ ಸೈನಿಕ ಸೇವೆ. ಇಷ್ಟೆಲ್ಲ ದಾಟಿ ಪದವಿ ಮುಗಿಸುವಷ್ಟರಲ್ಲಿ ಹುಡುಗನಿಗೆ ಇಪ್ಪತ್ತೈದರ ಆಸುಪಾಸು. ಸರ್ಕಾರಿ ಕೆಲಸಕ್ಕೆ ಚೀನೀಯರು ಕಬ್ಬಿಣದ ಅನ್ನದ ಬಟ್ಟಲು ಎನ್ನುತ್ತಾರೆ, ಬಿದ್ದರೂ ಒಡೆಯದ್ದು. ಅಂಥ ಬಟ್ಟಲು ಎದುರಿಗಿರುವಾಗ ಮಗ ಹಳೆಯ ಕಾರ್ಖಾನೆಯ ಕೋಣೆಯೊಂದರಲ್ಲಿ ನಾಲ್ಕು ಮೇಜು ಹಾಕಿಕೊಂಡು ಕೂರುತ್ತೇನೆಂದರೆ ತಾಯಿಗೆ ನಿದ್ದೆ ಬಂದೀತೇ? ಆ ಅಳುಕನ್ನು ಅಜ್ಞಾನವೆಂದು ತಳ್ಳಿಹಾಕುವುದು ಅನ್ಯಾಯ. ಮನೆಸಾಲದ ಕಂತು ಕಟ್ಟುವವರು ಅವರೇ ತಾನೇ.

ವಿಶ್ವವಿದ್ಯಾಲಯ ಈ ಅಳುಕಿಗೆ ಒಂದು ಉಪಾಯ ಕಂಡುಕೊಂಡಿದೆ. ಓದು ಬಿಡಿಸದೆ, ಓದಿನ ಭಾಗವಾಗಿಯೇ ವಿದ್ಯಾರ್ಥಿಗಳನ್ನು ಒಂದು ವರ್ಷದ ಮಟ್ಟಿಗೆ ಹೊರದೇಶದ ಸಣ್ಣ ಹೊಸ ಕಂಪನಿಗಳಲ್ಲಿ ಕೆಲಸಕ್ಕೆ ಕಳಿಸುತ್ತದೆ. ಹಗಲು ದುಡಿಮೆ, ಬಿಡುವಿನಲ್ಲಿ ಪಾಠ. ಮೊದಲು ಕಳಿಸಿದ್ದು ಕ್ಯಾಲಿಫೋರ್ನಿಯದ ಸಿಲಿಕಾನ್ ಕಣಿವೆಗೆ. ಒಂದು ಹಂತದಲ್ಲಿ ಬೆಂಗಳೂರಿಗೂ ಕಳಿಸಿತ್ತು. ಕರೌಸೆಲ್‌ನ ಮೂವರೂ ಹೀಗೆ ಕಣಿವೆಗೆ ಹೋಗಿ ಬಂದವರೇ. 54 ಗಂಟೆಯಲ್ಲಿ ಗೆದ್ದರೆಂದು ಹೇಳುವಾಗ ಅದರ ಹಿಂದಿದ್ದ ಆ ಒಂದು ವರ್ಷವನ್ನು ಮರೆಯಬಾರದು. ಪದವಿ ಕೈಬಿಡದೆ, ಮನೆಯ ದುಡ್ಡು ಸುರಿಯದೆ, ಒಂದು ಶನಿವಾರ ಭಾನುವಾರದಲ್ಲಿ ತನಗೆ ಇದು ಒಗ್ಗುತ್ತದೆಯೇ ಎಂದು ನೋಡಿಕೊಳ್ಳಬಹುದು ಎಂಬುದೇ ಈ ಪಂದ್ಯದ ನಿಜವಾದ ಲಾಭ. ಒಗ್ಗುವುದಿಲ್ಲ ಎಂದು ಗೊತ್ತಾದರೂ ನಷ್ಟವಾಗುವುದು ಎರಡು ದಿನ. ಊಟ ತಿಂಡಿಯೂ ಸೇರಿದ ಪ್ರವೇಶ ಶುಲ್ಕ ಅಷ್ಟೇನೂ ಹೆಚ್ಚಿಲ್ಲ.

71ನೇ ಕಟ್ಟಡದ ಹತ್ತಿರವೇ 2016ರಲ್ಲಿ ‘ಟಿಂಬರ್ ಪ್ಲಸ್’ ಎಂಬ ಊಟದ ಅಂಗಳವೊಂದು ಶುರುವಾಯಿತು. ಹಡಗಿನಲ್ಲಿ ಸರಕು ಸಾಗಿಸುವ ಹಳೆಯ ಕಬ್ಬಿಣದ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಇಟ್ಟು, ಬಣ್ಣಬಣ್ಣದ ಚಿತ್ರ ಬರೆದು, ನಡುನಡುವೆ ಊಟದ ಗಾಡಿಗಳನ್ನು ನಿಲ್ಲಿಸಿದ್ದರು. ಹಗಲು ಕೋಳಿ ಅನ್ನ, ನೂಡಲ್ಸು. ರಾತ್ರಿ ಹಾಡು, ಗಿಟಾರು. ಕುರ್ಚಿ ಹಿಡಿಯಲು ಸಿಂಗಪುರದವರು ಅದರ ಮೇಲೊಂದು ಟಿಶ್ಯೂ ಕಾಗದದ ಪೊಟ್ಟಣ ಇಟ್ಟು ಹೋಗುತ್ತಾರೆ, ನಮ್ಮವರು ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆಯುವ ಹಾಗೆ. ಯಾರೂ ಅದನ್ನು ಸರಿಸುವುದಿಲ್ಲ. ಇಲ್ಲಿ ತಟ್ಟೆ ಇಡುವ ಟ್ರೇಗೆ ಒಂದು ಡಾಲರ್ ಠೇವಣಿ ಇತ್ತು. ಊಟ ಮುಗಿಸಿ ಟ್ರೇಯನ್ನು ನಿಗದಿತ ಜಾಗದಲ್ಲಿ ಇಟ್ಟರಷ್ಟೇ ಅದು ವಾಪಸು ಸಿಗುತ್ತಿತ್ತು. ಕಂಪನಿ ಕಟ್ಟಲು ಬಂದ ಹುಡುಗರೂ ಊಟವಾದ ಮೇಲೆ ಎದ್ದು ಸರದಿಯಲ್ಲಿ ನಿಂತು, ಆ ಒಂದು ಡಾಲರನ್ನು ಎಣಿಸಿ ಜೇಬಿಗೆ ಹಾಕಿಕೊಳ್ಳುತ್ತಿದ್ದರು.