ರಾಯಪುರಂ: ಊರ ದಾರಿಯ ಮೊದಲ ಬಾಗಿಲು

ಚೆನ್ನೈಯಲ್ಲಿ ನೆಲೆಸಿರುವ ನಮ್ಮವರಿಗೆ ಊರಿಗೆ ಹೊರಡುವುದೆಂದರೆ ಸೆಂಟ್ರಲ್ ನಿಲ್ದಾಣಕ್ಕೆ ಹೋಗುವುದೆಂದೇ ಅರ್ಥ. ಚಿತ್ರಾನ್ನದ ಡಬ್ಬಿ, ಮಕ್ಕಳು, ಮರಿ, ಗಂಟುಮೂಟೆಗಳೊಡನೆ ಆ ಕೆಂಪು ಗೋಪುರದ ಗಡಿಯಾರವನ್ನು ಕಂಡೊಡನೆ ಅರ್ಧ ಬೆಂಗಳೂರನ್ನೇ ಕಂಡಷ್ಟು ಸಮಾಧಾನ. ಆದರೆ ಸೆಂಟ್ರಲ್ ನಿಲ್ದಾಣ ತಲೆಯೆತ್ತಿದ್ದು 1873ರಲ್ಲಿ. ಬೆಂಗಳೂರಿಗೂ ಮದರಾಸಿಗೂ ರೈಲಿನ ನೆಂಟಸ್ತಿಕೆ ಕುದುರಿದ್ದು 1864ರಲ್ಲಿ. ನಡುವಣ ಒಂಬತ್ತು ವರ್ಷ ನಮ್ಮ ಕಡೆಯವರು ಗಾಡಿಯಿಂದ ಇಳಿಯುತ್ತಿದ್ದುದೆಲ್ಲಿ? ರಾಯಪುರಂನಲ್ಲಿ.

ಇದನ್ನು ತಿಳಿದ ಮೇಲೆ ಸುಮ್ಮನಿರಲಾಗಲಿಲ್ಲ. ಒಂದು ಭಾನುವಾರ ಕಚೇರಿಯ ಕಡತಗಳನ್ನು ಮರೆತು, ಮನೆಯವಳನ್ನೂ ಮಗಳನ್ನೂ ಕರೆದುಕೊಂಡು ಹೊರಟೆ. ಬೀಚ್ ನಿಲ್ದಾಣದಿಂದ ಉತ್ತರಕ್ಕೆ ಹೋಗುವ ಲೋಕಲ್ ಗಾಡಿಯಲ್ಲಿ ಕುಳಿತರೆ ಮುಂದಿನದೇ ರಾಯಪುರಂ. ಬಂದರು, ಮೀನುಗಾರರ ಕಾಶಿಮೇಡು ಎಲ್ಲವೂ ಹತ್ತಿರ. ಗಾಳಿಯಲ್ಲಿ ಉಪ್ಪಿನ ವಾಸನೆ. ಹೆಸರನ್ನು ಕೇಳಿ ಯಾವನೋ ರಾಯನ ಊರಿರಬೇಕೆಂದುಕೊಳ್ಳಬೇಡಿ. ತಮಿಳು ಕ್ರೈಸ್ತರು ಸಂತ ಪೀಟರನನ್ನು ರಾಯಪ್ಪರ್ ಎಂದು ಕರೆಯುತ್ತಾರೆ. ಇಲ್ಲಿಯ ದೋಣಿಗಾರರು ಆ ಸಂತನ ಹೆಸರಿನಲ್ಲಿ ಕಟ್ಟಿಸಿದ ಇಗರ್ಜಿಯಿಂದ ಈ ಪೇಟೆಗೆ ಹೆಸರು ಬಂದಿತೆಂದು ಹೇಳುತ್ತಾರೆ.

ನಿಲ್ದಾಣದ ಮುಂದೆ ನಿಂತ ಮಗಳು, "ಅಪ್ಪ, ಇಷ್ಟೇನಾ?" ಎಂದಳು. ಅವಳ ಪ್ರಶ್ನೆಯಲ್ಲಿ ತಪ್ಪಿಲ್ಲ. ಸೆಂಟ್ರಲ್ಲಿನ ಎದುರಿಗೆ ಇದು ಅಣ್ಣನ ಪಕ್ಕದಲ್ಲಿ ನಿಂತ ತಮ್ಮನಂತೆ ಕಾಣುತ್ತದೆ. ಆದರೆ ವಯಸ್ಸಿನಲ್ಲಿ ಇದೇ ಅಣ್ಣ. ಗ್ರೀಕರ ಮಾದರಿಯ ಕಂಬಸಾಲು, ಎತ್ತರದ ಹಜಾರ. ಲಂಡನ್ನಿನ ಸಚಿತ್ರ ಪತ್ರಿಕೆಯೊಂದು 1856ರಲ್ಲಿ ಇದರ ಚಿತ್ರವನ್ನು ಅಚ್ಚುಹಾಕಿತ್ತೆಂದರೆ ಆಗಿನ ಕಾಲಕ್ಕೆ ಇದೆಷ್ಟು ದೊಡ್ಡ ಸಂಗತಿಯೆಂದು ಊಹಿಸಬಹುದು.

ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೊಂಬಾಯಿಯ ಬೋರಿಬಂದರಿನಿಂದ ಠಾಣೆಗೆ ಓಡಿತು. ಮದರಾಸ್ ರೈಲ್ವೆ ಕಂಪೆನಿಯವರು ಇಲ್ಲಿ ಕೆಲಸಕ್ಕೆ ಕೈಹಾಕಿದ್ದೂ ಅದೇ ವರ್ಷ. ಗವರ್ನರ್ ಲಾರ್ಡ್ ಹ್ಯಾರಿಸ್ ನಿಲ್ದಾಣವನ್ನು ತೆರೆದ ಮೇಲೆ, 1856ರ ಜುಲೈ 1ರಿಂದ ವಾಲಾಜಾ ರೋಡಿನವರೆಗೆ, ಸುಮಾರು 100 ಕಿಲೋಮೀಟರು, ಗಾಡಿಗಳು ಓಡಿದುವು. ದಕ್ಷಿಣ ದೇಶಕ್ಕೆಲ್ಲ ಅದೇ ಮೊದಲ ಪ್ರಯಾಣಿಕರ ರೈಲು. ಬೋರಿಬಂದರಿನ ಮತ್ತು ಠಾಣೆಯ ಮೂಲ ಕಟ್ಟಡಗಳು ಇಂದು ಉಳಿದಿಲ್ಲ. ಆದುದರಿಂದಲೇ ಭಾರತದಲ್ಲಿ ಉಳಿದಿರುವ ನಿಲ್ದಾಣಗಳಲ್ಲಿ ಅತ್ಯಂತ ಹಳೆಯದೆಂಬ ಕೀರ್ತಿ ರಾಯಪುರಂಗೆ ಸಂದಿದೆ.

ಕಂಪೆನಿಯವರ ಕಣ್ಣು ಮಲಬಾರಿನ ತೀರದ ಮೇಲಿತ್ತು. ಆ ದಾರಿಯಲ್ಲಿಯ ಜೋಲಾರಪೇಟೆಯಿಂದ ಒಂದು ಕವಲು ಘಟ್ಟ ಹತ್ತಿ 1864ರಲ್ಲಿ ಬೆಂಗಳೂರು ದಂಡನ್ನು ಮುಟ್ಟಿತು. ಪೇಟೆಯನ್ನು ಬಿಟ್ಟು ದಂಡಿಗೇಕೆ? ಬ್ರಿಟಿಷರ ಸೈನ್ಯ ಇದ್ದುದು ಅಲ್ಲಿ. ಆಗ ಮೈಸೂರು ಸೀಮೆಯ ಆಡಳಿತವೂ ಅವರದೇ. ಸೈನಿಕರಿಗಾಗಿ ಹಾಕಿದ ಹಳಿಯ ಮೇಲೆ ಕ್ರಮೇಣ ನಮ್ಮ ಗುಮಾಸ್ತರು, ವಿದ್ಯಾರ್ಥಿಗಳು, ಹೋಟೆಲಿನವರು, ವ್ಯಾಪಾರಿಗಳು ಬಂದರು. ಎತ್ತಿನ ಗಾಡಿಯಲ್ಲಿ ಅನೇಕ ದಿನ ಹಿಡಿಯುತ್ತಿದ್ದ ದಾರಿ ಹತ್ತಿರವಾಯಿತು.

ಬೆಂಗಳೂರಿನಿಂದ ಮೈಸೂರಿಗೆ ಹಳಿ ಬಿದ್ದ ಕಥೆ ಬೇರೆ. 1876ರಿಂದ 78ರವರೆಗಿನ ಭೀಕರ ಕ್ಷಾಮದ ಕಾಲದಲ್ಲಿ ಹಸಿದವರಿಗೆ ಕೂಲಿ ಒದಗಿಸಲೆಂದು ಅದರ ಮಣ್ಣು ಕೆಲಸ ನಡೆಯಿತು. 1882ರಲ್ಲಿ ಗಾಡಿ ಮೈಸೂರನ್ನು ಸೇರಿತು. ಆದರೆ ಅದು ಮೀಟರ್ ಗೇಜು, ಇದು ಬ್ರಾಡ್ ಗೇಜು. ನಮ್ಮ ಸಂಘದ ಹಿರಿಯರೊಬ್ಬರು ಚಿಕ್ಕಂದಿನಲ್ಲಿ ಬೆಂಗಳೂರಿನಲ್ಲಿಳಿದು, ತಲೆಯ ಮೇಲೆ ಹಾಸಿಗೆಯ ಸುರುಳಿ ಹೊತ್ತು ಮೈಸೂರಿನ ಚಿಕ್ಕ ಗಾಡಿಗೆ ಓಡುತ್ತಿದ್ದುದನ್ನು ಇಂದಿಗೂ ನಗುನಗುತ್ತ ಹೇಳುತ್ತಾರೆ. 2022ರ ನವೆಂಬರಿನಿಂದ ಮೈಸೂರಿಗೆ ವಂದೇ ಭಾರತ್ ಗಾಡಿ ಓಡುತ್ತಿದೆ. ಇಳಿಯುವ ಹತ್ತುವ ಗೋಜೇ ಇಲ್ಲ, ಆರೂವರೆ ಗಂಟೆಯ ಪ್ರಯಾಣ.

ಸೆಂಟ್ರಲ್ ಬೆಳೆದಂತೆ ರಾಯಪುರಂ ಸೊರಗಿತು. ಗೋಡೆಗಳು ಬಹುಕಾಲ ಹಾಳು ಬಿದ್ದಿದ್ದುವು. 2005ರಲ್ಲಿ ರೈಲ್ವೆಯವರು ದುರಸ್ತಿ ಮಾಡಿಸಿದರು. ಇದನ್ನೊಂದು ದೊಡ್ಡ ಟರ್ಮಿನಲ್ ಮಾಡಬೇಕೆಂದು ಉತ್ತರ ಚೆನ್ನೈಯ ಜನ ಬಹಳ ವರ್ಷಗಳಿಂದ ಕೇಳುತ್ತಿದ್ದಾರೆ. ಹಳೆಯ ಕಟ್ಟಡಕ್ಕೆ ಧಕ್ಕೆಯಾಗದಂತೆ ಅದು ನಡೆದರೆ ನಮಗೂ ಸಂತೋಷವೇ. ಜನ ಓಡಾಡುವ ಮನೆಯೇ ಬಾಳುವ ಮನೆಯಲ್ಲವೆ?

ಕಂಬವೊಂದನ್ನು ಮುಟ್ಟಿ ನೋಡುತ್ತಿದ್ದ ಮನೆಯವಳು, "ರೀ, ತೌರಿನ ಗಾಡಿಗೆಂದು ಇಲ್ಲಿ ಕಾದು ನಿಂತ ಹೆಣ್ಣುಮಕ್ಕಳೆಷ್ಟು ಮಂದಿಯೋ!" ಎಂದಳು. ಕಂಪೆನಿಯ ಲೆಕ್ಕದ ಪುಸ್ತಕಗಳಲ್ಲಿ ಟಿಕೆಟ್ಟುಗಳ ಎಣಿಕೆ ಸಿಕ್ಕೀತು. ಈ ಲೆಕ್ಕ ಸಿಕ್ಕುವುದಿಲ್ಲ.

ಮಕ್ಕಳಿರುವವರು ಇನ್ನೊಂದು ದಿನ ಪೆರಂಬೂರು ಬದಿಯ ಕೋಚ್ ಕಾರ್ಖಾನೆಯ ರೈಲು ವಸ್ತುಸಂಗ್ರಹಾಲಯವನ್ನೂ ನೋಡಬಹುದು. 2002ರಲ್ಲಿ ತೆರೆದ ಇಲ್ಲಿ ಹಳೆಯ ಉಗಿ ಎಂಜಿನುಗಳನ್ನು ಹತ್ತಿರದಿಂದ ನೋಡುವ ಅವಕಾಶವುಂಟು. ಪೆರಂಬೂರಿನ ಕಾರ್ಯಾಗಾರದವರ ಜಾಣ್ಮೆಯೂ ಸಾಮಾನ್ಯವಲ್ಲ. ಇಂಗ್ಲೆಂಡಿನ ಲೀಡ್ಸಿನಲ್ಲಿ 1855ರಲ್ಲಿ ತಯಾರಾಗಿ, ಬಹುಕಾಲ ಪ್ರದರ್ಶನದ ಬೊಂಬೆಯಾಗಿ ನಿಂತಿದ್ದ 'ಎಕ್ಸ್‌ಪ್ರೆಸ್' ಎಂಬ ಎಂಜಿನಿಗೆ 2010ರಲ್ಲಿ ಮತ್ತೆ ಉಸಿರು ಬರಿಸಿದವರು ಅವರೇ.

ಕಬ್ಬಿಣದ ಎಂಜಿನನ್ನು ಕಾಯಲು ಇಷ್ಟು ಮಂದಿ ಇದ್ದಾರೆ. ನಮ್ಮ ಅಜ್ಜ ಯಾವ ವರ್ಷ, ಯಾವ ಊರಿನಿಂದ, ಏನು ಹೊತ್ತುಕೊಂಡು ಈ ನಗರದಲ್ಲಿ ಇಳಿದರೆಂಬುದನ್ನು ಕಾಯುವವರು ನಾವಲ್ಲದೆ ಇನ್ನಾರೂ ಇಲ್ಲ. ಹೇಳಬಲ್ಲ ಹಿರಿಯರು ಸಂಘದ ಸಭೆಗಳಲ್ಲಿ ವರ್ಷ ವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ರಾಯಪುರಂ ನೋಡಲು ಹೊರಟಾಗ ಮನೆಯ ಹಿರಿಯರನ್ನೂ ಜೊತೆಗೆ ಕರೆದೊಯ್ಯಿರಿ. ಅವರು ಹೇಳಿದ್ದನ್ನು ಅಂದೇ ಬರೆದಿಡಿ.