ದಾರಿ ತೆರೆಯುವುದೂ ಇನ್ಸುಲಿನ್, ಬಿಗಿಯುವುದೂ ಇನ್ಸುಲಿನ್

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನಾಲ್ಕು ವರ್ಷ. ಚೆಕಪ್‌ಗೆ ಹೋದಾಗೆಲ್ಲ ಡಾಕ್ಟರು ರಕ್ತದ ರಿಪೋರ್ಟ್ ಜೊತೆಗೆ ಪಾದಗಳನ್ನೂ ನೋಡ್ತಾರೆ. "ಸಕ್ಕರೆ ಇರೋದು ರಕ್ತದಲ್ಲಿ ತಾನೇ, ಕಾಲಿಗೇನು ಸಂಬಂಧ?" ಅಂತ ಅಮ್ಮ ಕೇಳ್ತಾನೇ ಇರ್ತಾರೆ. ಈ ವರ್ಷ ಆಫೀಸಿನ ಹೆಲ್ತ್ ಚೆಕಪ್‌ನಲ್ಲಿ ನನ್ನ ಎಚ್‌ಬಿಎ1ಸಿ 6.1 ಬಂತು. 5.7ರಿಂದ 6.4 ಅಂದ್ರೆ ಮಧುಮೇಹದ ಹೊಸ್ತಿಲು. ನನಗೀಗ 31. ಅಮ್ಮನ ಪ್ರಶ್ನೆ ನನ್ನದೂ ಆಯ್ತು.

ಇನ್ಸುಲಿನ್ ಅಂದ್ರೆ ಜೀವಕೋಶದ ಬಾಗಿಲು ತೆಗೆಯೋ ಕೀಲಿಕೈ ಅಂತ ನಾವೆಲ್ಲ ಕೇಳಿದ್ದೀವಿ. ಆದ್ರೆ ಸಕ್ಕರೆ ಮೊದಲು ಆ ಬಾಗಿಲ ತನಕ ಬರಬೇಕಲ್ಲ? ಅದಕ್ಕೆ ದಾರಿ ಬಿಡಿಸೋದೂ ಇನ್ಸುಲಿನ್ನೇ. ಊಟದ ನಂತರ ಅದು ಸ್ನಾಯುಗಳ ಸಣ್ಣ ರಕ್ತನಾಳಗಳ ಒಳಪದರಕ್ಕೆ ಸೂಚನೆ ಕೊಡುತ್ತೆ. ಆ ಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತೆ, ನಾಳ ಸಡಿಲಗೊಂಡು ಹಿಗ್ಗುತ್ತೆ. 1998ರ ವೈದ್ಯಕೀಯ ನೊಬೆಲ್ ಸಂದಿದ್ದು ಇದೇ ನೈಟ್ರಿಕ್ ಆಕ್ಸೈಡ್ ಕುರಿತ ಸಂಶೋಧನೆಗೆ.

ವಿಚಿತ್ರ ಏನಂದ್ರೆ, ಅದೇ ಇನ್ಸುಲಿನ್ ಅದೇ ಪದರದಿಂದ ಎಂಡೋಥೀಲಿನ್ ಅನ್ನೋ ವಸ್ತುವನ್ನೂ ಹೊರಡಿಸುತ್ತೆ. 1988ರಲ್ಲಿ ಜಪಾನಿನ ವಿಜ್ಞಾನಿಗಳು ಗುರುತಿಸಿದ ಇದು ನಾಳವನ್ನು ಬಿಗಿಯುತ್ತೆ. ಆರೋಗ್ಯವಂತರಲ್ಲಿ ಎರಡೂ ಸಮತೂಕದಲ್ಲಿರ್ತವೆ. ದೇಹ ಇನ್ಸುಲಿನ್ ಮಾತಿಗೆ ಸರಿಯಾಗಿ ಓಗೊಡದೇ ಹೋದಾಗ ಹಿಗ್ಗಿಸೋ ಕೆಲಸ ಮಂಕಾಗುತ್ತೆ, ಬಿಗಿಯೋ ಕೆಲಸ ಮಾತ್ರ ನಡೀತಾನೇ ಇರುತ್ತೆ. ನಾಳ ಬಿಗಿದರೆ ಸ್ನಾಯುವಿಗೆ ಸಕ್ಕರೆ ತಲುಪೋದು ಕಡಿಮೆ, ರಕ್ತದಲ್ಲಿ ಉಳಿಯೋದು ಜಾಸ್ತಿ. ವರ್ಷಗಟ್ಟಲೆ ಹೀಗೆ ಉಳಿದ ಸಕ್ಕರೆ ಕಣ್ಣು, ಮೂತ್ರಪಿಂಡ, ಪಾದದ ನರಗಳಿಗೆ ರಕ್ತ ಒಯ್ಯೋ ಸಣ್ಣ ನಾಳಗಳನ್ನೇ ಕೆಡಿಸುತ್ತೆ. ಅಮ್ಮನಿಗೆ ಕಾಲಿನ ಸಂಬಂಧ ಹೀಗೆ ಬಿಡಿಸಿ ಹೇಳಿದೆ.

"ಹಾಗಾದ್ರೆ ಇಂಜೆಕ್ಷನ್ ಬಿಟ್ಟುಬಿಡ್ಲಾ?" ಅಂದ್ರು ಅಪ್ಪ. ಖಂಡಿತ ಬೇಡ. ಡಾಕ್ಟರು ಹೇಳಿದ ಇನ್ಸುಲಿನ್ ಸಕ್ಕರೆಯನ್ನು ಹತೋಟಿಯಲ್ಲಿಟ್ಟು ಆ ನಾಳಗಳನ್ನೇ ಕಾಪಾಡುತ್ತೆ. ತೊಂದರೆ ಇರೋದು ಔಷಧಿಯಲ್ಲಲ್ಲ, ದೇಹ ಅದಕ್ಕೆ ಸ್ಪಂದಿಸದೇ ಇರೋದರಲ್ಲಿ.

ಒಂದು ಸಮಾಧಾನ ಇದೆ. ನಡೆಯುವಾಗ ದುಡಿಯೋ ಸ್ನಾಯು ಇನ್ಸುಲಿನ್‌ಗಾಗಿ ಕಾಯ್ತಾ ಕೂರಲ್ಲ. ತಾನೇ ನಾಳಗಳನ್ನ ಹಿಗ್ಗಿಸಿಕೊಳ್ಳುತ್ತೆ, ತಾನೇ ಸಕ್ಕರೆ ಎಳೆದುಕೊಳ್ಳುತ್ತೆ. ನಿಯಮಿತವಾಗಿ ನಡೆದ್ರೆ ಇನ್ಸುಲಿನ್‌ಗೆ ದೇಹ ಸ್ಪಂದಿಸೋದೂ ಸುಧಾರಿಸುತ್ತೆ.

ಅದಕ್ಕೇ ರಾತ್ರಿ ಊಟ ಆದ್ಮೇಲೆ ನಾನು ಬೆಂಗಳೂರಲ್ಲಿ, ಅಪ್ಪ ಹಾಸನದಲ್ಲಿ, ಫೋನ್‌ನಲ್ಲಿ ಮಾತಾಡ್ತಾ ಇಪ್ಪತ್ತು ನಿಮಿಷ ನಡೀತೀವಿ. ಅಪ್ಪ ಮನೆಯೊಳಗೂ ಚಪ್ಪಲಿ ಹಾಕ್ಕೊಂಡೇ ಓಡಾಡ್ತಾರೆ. ಏನಾದ್ರೂ ಚುಚ್ಚಿದ್ರೆ ಅವರ ಪಾದಕ್ಕೆ ಈಗ ಗೊತ್ತಾಗಲ್ಲ. ನನ್ನ ಪಾದಕ್ಕೆ ಇನ್ನೂ ಗೊತ್ತಾಗುತ್ತೆ. ಅದು ಹಾಗೇ ಉಳೀಲಿ ಅಂತಲೇ ಈ ನಡಿಗೆ.