ಕರಿಬಿಳಿಯ ಮನೆಗಳು

ಸಂಸ್ಕೃತ ಪಾಠಶಾಲೆಯಲ್ಲಿ ಓದಿ, ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಮಕ್ಕಳಿಗೆ ಶಬ್ದರೂಪಗಳನ್ನೂ ಹಳಗನ್ನಡದ ಪದ್ಯಗಳನ್ನೂ ಪಾಠ ಹೇಳಿ, ಈಗ ವಿಶ್ರಾಂತನಾಗಿರುವ ನನ್ನಂಥವನು ಹೆವಿ ಮೆಟಲ್ ಎಂಬ ಪಾಶ್ಚಾತ್ಯ ಸಂಗೀತದ ವಿಷಯವಾಗಿ ಬರೆಯಹೊರಟರೆ ವಾಚಕರಿಗೆ ನಗು ಬಾರದಿರದು. ನಗಲಿ. ಆ ಹೆಸರನ್ನು ಮೊದಲು ಕೇಳಿದಾಗ ನಾನು ನಗುವಂಥ ತಪ್ಪನ್ನೇ ಮಾಡಿದೆನು. ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಂಗಡಿಸಿರುವನಷ್ಟೆ. ಅವುಗಳಲ್ಲಿ ಘನವೆಂದರೆ ತಾಳ, ಗಂಟೆ ಮೊದಲಾದ ಲೋಹದ ವಾದ್ಯ. ಘನವೆಂದರೆ ಭಾರವುಳ್ಳದ್ದೆಂದೂ ಅರ್ಥವಾಗುವುದು. ಹೆವಿ ಎಂದರೆ ಭಾರ, ಮೆಟಲ್ ಎಂದರೆ ಲೋಹ. ಆದುದರಿಂದ ಇದು ತಾಳ ಜಾಗಟೆಗಳ ಮೇಳವಿರಬೇಕೆಂದು ನಿಶ್ಚಯಿಸಿಕೊಂಡು ಮಗನೊಡನೆ ಹಾಗೆಯೇ ಹೇಳಿದೆನು. ಅವನು ನಗಲಿಲ್ಲ. “ಹತ್ತಿರಕ್ಕೆ ಬಂದಿದ್ದೀರಿ, ಅಣ್ಣ” ಎಂದು ಸುಮ್ಮನಾದನು.

ಕಳೆದ ವರ್ಷ ಕಣ್ಣಿನ ಪೊರೆಯನ್ನು ತೆಗೆಯಿಸಿಕೊಂಡು ಬೆಂಗಳೂರಿನಲ್ಲಿ ಅವನ ಮನೆಯಲ್ಲಿ ಮೂರು ವಾರ ಇರಬೇಕಾಯಿತು. ಅಷ್ಟು ದಿನವೂ ಓದಕೂಡದೆಂದು ವೈದ್ಯರು ಕಟ್ಟಪ್ಪಣೆ ಮಾಡಿದ್ದರು. ಪುಸ್ತಕವನ್ನು ಮುಟ್ಟದೆ ಮೂರು ವಾರ ಕಳೆದುದು ನನ್ನ ಜನ್ಮದಲ್ಲಿ ಅದೇ ಮೊದಲು. ಸಂಜೆ ಮಗನು ಕೆಲಸದಿಂದ ಬಂದು ತನ್ನ ಕೋಣೆಯಲ್ಲಿ ಈ ಸಂಗೀತವನ್ನು ಹಾಕಿಕೊಳ್ಳುವನು. ನನ್ನ ಹೆಜ್ಜೆಯ ಸಪ್ಪಳ ಕೇಳಿದೊಡನೆ ನಿಲ್ಲಿಸುವನು. ಹದಿನೇಳು ವರ್ಷಗಳಿಂದ ಹಾಗೆ ನಿಲ್ಲಿಸುತ್ತ ಬಂದಿದ್ದನು. ಅದಕ್ಕೆ ಕಾರಣನು ನಾನು. ಅದನ್ನು ಮುಂದೆ ಹೇಳುವೆನು. ಒಂದು ಸಂಜೆ ಕಪ್ಪು ಕನ್ನಡಕವನ್ನು ಹಾಕಿಕೊಂಡು ಅವನ ಬಾಗಿಲಲ್ಲಿ ನಿಂತು, “ನಿಲ್ಲಿಸಬೇಡ. ನನಗೂ ಬೇರೆ ಕೆಲಸವಿಲ್ಲ” ಎಂದೆನು.

ಈ ಸಂಗೀತವು 1970ರ ಸುಮಾರಿಗೆ ಇಂಗ್ಲೆಂಡಿನಲ್ಲಿ ರೂಪುಗೊಂಡುದು. ಬರ್ಮಿಂಗ್‌ಹ್ಯಾಂ ಎಂಬ ಕಾರ್ಖಾನೆಗಳ ಊರಿನಲ್ಲಿ ಹುಟ್ಟಿದ ಬ್ಲ್ಯಾಕ್ ಸಬತ್ ಎಂಬ ಮೇಳದಿಂದ ಇದರ ವಂಶಾವಳಿಯನ್ನು ಎಣಿಸುವುದು ವಾಡಿಕೆ. ಆ ಮೇಳದ ಗಿಟಾರುವಾದಕನಾದ ಟೋನಿ ಅಯೋಮಿಯು ತಗಡಿನ ಕಾರ್ಖಾನೆಯಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡು, ಅವಕ್ಕೆ ತಾನೇ ಮಾಡಿದ ಟೊಪ್ಪಿಗೆಗಳನ್ನು ತೊಡಿಸಿ, ಮುಂದೆ ತಂತಿಗಳನ್ನೂ ಸಡಿಲಗೊಳಿಸಿ ನುಡಿಸಿದನು. ಗಿಟಾರಿಗೆ ಹೀಗೆ ಪುರಾಣಗಳುಂಟು. ಕೀಬೋರ್ಡಿಗೆ ಪುರಾಣವಿಲ್ಲ, ಅದರ ಪಾಲಿಗೆ ಬಂದಿರುವುದೆಲ್ಲ ಹೆಚ್ಚಾಗಿ ಆಕ್ಷೇಪಣೆಗಳೇ. ಅದು ಮೃದು, ಅದು ಅಲಂಕಾರ, ಅದು ಬಂದರೆ ಸಂಗೀತದ ಗಟ್ಟಿತನ ಕೆಡುವುದು ಎಂದು ಈ ಸಂಗೀತದ ಭಕ್ತರಲ್ಲಿಯೇ ಅನೇಕರು ಹೇಳುವರು. ಕ್ವೀನ್ ಎಂಬ ಪ್ರಖ್ಯಾತ ಮೇಳವು ಶುದ್ಧ ಹೆವಿ ಮೆಟಲಿನದಲ್ಲವಾದರೂ ಅದರ ನೆರೆಮನೆಯದೇ. ಅವರು 1970ರ ದಶಕದ ತಮ್ಮ ಮುದ್ರಿಕೆಗಳ ಹೊದಿಕೆಯ ಮೇಲೆ ಇದರಲ್ಲಿ ಸಿಂಥಸೈಜರ್ ಇಲ್ಲವೆಂದು ಅಚ್ಚು ಹಾಕಿಸುತ್ತಿದ್ದರು. ಮಡಿಯ ಅಡಿಗೆಯಲ್ಲಿ ಈರುಳ್ಳಿಯಿಲ್ಲವೆಂದು ಬರೆದು ತೂಗುಹಾಕಿದಂತೆ! 1980ರಲ್ಲಿ ಅವರೂ ಆ ವ್ರತವನ್ನು ಬಿಟ್ಟರು.

ನನಗೆ ಮೊದಲ ಎರಡು ಸಂಜೆ ಕೇಳಿಸಿದುದು ಗರ್ಜನೆಯೊಂದೇ. ಮೂರನೆಯ ದಿನ ಮಗನು ಗರ್ಜನೆಯ ಒಳಗನ್ನು ಬಿಡಿಸಿ ತೋರಿಸಿದನು. ತಂತಿಯ ನಾದವನ್ನು ಧ್ವನಿವರ್ಧಕಕ್ಕೆ ಅದು ತಾಳಲಾರದಷ್ಟು ಉಣಿಸಿದರೆ ಅಲೆಯ ತುದಿಗಳು ಮೊಂಡಾಗಿ, ಮೂಲದಲ್ಲಿಲ್ಲದ ಉಪನಾದಗಳು ಹುಟ್ಟಿಕೊಳ್ಳುವುವು. ಎರಡು ಸ್ವರಗಳನ್ನು ಕೂಡಿಸಿ ನುಡಿಸಿದರೆ ಅವೆರಡರ ಕಲಹದಿಂದ ಇನ್ನೂ ಹಲವು ಹುಟ್ಟುವುವು. ಷಡ್ಜಪಂಚಮಗಳಾದರೆ ಹುಟ್ಟಿದ ಮಕ್ಕಳೂ ತಂದೆತಾಯಿಗಳೊಡನೆ ಹೊಂದಿಕೊಂಡಿರುವರು. ನಡುವೆ ಗಾಂಧಾರವನ್ನು ತಂದರೆ ಮನೆಯೆಲ್ಲ ರಂಪ. ಆದಕಾರಣ ಈ ಸಂಗೀತದ ಗಿಟಾರುವಾದಕನು ಗಾಂಧಾರವನ್ನು ಬಿಟ್ಟು ಷಡ್ಜಪಂಚಮಗಳನ್ನೇ ಜೊತೆಗೂಡಿಸಿ ಬಡಿಯುವನು. ನಮ್ಮ ತಂಬೂರಿಯೂ ಷಡ್ಜಪಂಚಮಗಳದೇ ಅಲ್ಲವೆ? ನಾನು ಕುರ್ಚಿಯಲ್ಲಿ ನೆಟ್ಟಗೆ ಕುಳಿತೆನು.

ಆದರೆ ಇಲ್ಲೊಂದು ತೊಡಕುಂಟು. ಗಾಂಧಾರವಿಲ್ಲದ ಕಡೆ ಭಾವವು ಯಾವುದೆಂದು ನಿಶ್ಚಯವಾಗದು. ಅಂತರಗಾಂಧಾರವೋ ಸಾಧಾರಣಗಾಂಧಾರವೋ ಎಂಬುದರ ಮೇಲೆಯೇ ಪಾಶ್ಚಾತ್ಯರ ಹರ್ಷಶೋಕಗಳ ವಿಭಾಗವು ಬಹುಮಟ್ಟಿಗೆ ನಿಂತಿರುವುದು. ಮಗನು ತನ್ನ ಕೀಬೋರ್ಡನ್ನು ಮಂಚದ ಕೆಳಗಿಂದ ಎಳೆದು, ಗಿಟಾರಿನ ಒಂದೇ ಮೊಳಗನ್ನು ಯಂತ್ರದಲ್ಲಿ ಮತ್ತೆ ಮತ್ತೆ ನುಡಿಯುವಂತೆ ಮಾಡಿ, ಅದರ ಮೇಲೆ ಒಂದು ಸಲ ಅಂತರಗಾಂಧಾರವನ್ನು ಹಿಡಿದನು: ರಥೋತ್ಸವದ ದಿನದಂತಿತ್ತು. ಬೆರಳನ್ನು ಪಕ್ಕದ ಮನೆಗೆ ಇಳಿಸಿದನು: ಅದೇ ಮೊಳಗು, ಯಾರೋ ತೀರಿಕೊಂಡ ಮನೆಯಂತಾಯಿತು. ಗಿಟಾರು ಕದಲಿರಲೇ ಇಲ್ಲ. ಗಾಯಕನೂ ಗಿಟಾರಿನ ಒಂಟಿತಂತಿಯೂ ಗಾಂಧಾರವನ್ನು ನುಡಿಯಬಲ್ಲರು, ಸತ್ಯ; ಆದರೆ ಗಾಳಿಯಿಲ್ಲದ ಕಡೆ ಇಟ್ಟ ದೀಪದಂತೆ ಅದನ್ನು ಅಲುಗದೆ ಹಿಡಿದಿರುವುದು ಕೀಬೋರ್ಡಿನ ಕೆಲಸ. ಆಜ್ಜಿ ಆಸ್‌ಬರ್ನನ 1980ರ ಬ್ಲಿಜರ್ಡ್ ಆಫ್ ಆಜ್ ಎಂಬ ಮುದ್ರಿಕೆಯಲ್ಲಿ ಮಿಸ್ಟರ್ ಕ್ರೌಲಿ ಎಂಬ ಹಾಡು ಡಾನ್ ಏರಿಯ ಕೀಬೋರ್ಡಿನಿಂದಲೇ ಆರಂಭವಾಗುವುದು. ಗಿಟಾರು ಬರುವ ಮೊದಲೇ ಶೋಕವು ಸಿದ್ಧವಾಗಿರುವುದು. ನಾರ್ವೆ ದೇಶದ ಎಂಪರರ್ ಎಂಬ ಮೇಳದವರು 1994ರಲ್ಲಿ ಹೊರತಂದ ಇನ್ ದ ನೈಟ್‌ಸೈಡ್ ಇಕ್ಲಿಪ್ಸ್ ಎಂಬುದರಲ್ಲಿ ಗಿಟಾರುಗಳು ಚಳಿಗಾಲದ ಬಿರುಗಾಳಿಯಂತೆ ಒರಲುವುವು. ಅವುಗಳ ಹಿಂದೆ ಕೀಬೋರ್ಡು ದೂರದ ಗಾಯಕವೃಂದದ ಹಾಗೆ ನಿಂತಿರುವುದು. ಅದನ್ನು ನಾನು ಪೂರ್ತಿ ಕೇಳಲಾರದೆ ಹೋದೆನು. ಆದರೆ ಆ ದೂರದ ಧ್ವನಿಯು ರಾತ್ರಿ ಬಹಳ ಹೊತ್ತು ಕಿವಿಯಲ್ಲಿತ್ತು.

ಈ ಮನೆಯ ಹಿರಿಯನನ್ನು ನೋಡಬೇಕಾದರೆ ಜಾನ್ ಲಾರ್ಡನ ಬಳಿಗೆ ಹೋಗಬೇಕು. ಡೀಪ್ ಪರ್ಪಲ್ ಎಂಬ ಮೇಳದ ಈತನು 1941ರಲ್ಲಿ ಲೆಸ್ಟರ್ ನಗರದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಪಿಯಾನೋವನ್ನು ಶಾಸ್ತ್ರೋಕ್ತವಾಗಿ ಕಲಿತವನು. ಅವನ ವಾದ್ಯವು ಹ್ಯಾಮಂಡ್ ಆರ್ಗನ್ನು. ಇದನ್ನು ಅಮೆರಿಕದ ಲಾರೆನ್ಸ್ ಹ್ಯಾಮಂಡನು 1930ರ ದಶಕದಲ್ಲಿ ನಿರ್ಮಿಸಿದನು. ಕೊಳವೆಯ ಆರ್ಗನ್ನನ್ನು ಕೊಳ್ಳಲಾರದ ಚರ್ಚುಗಳು ಇದನ್ನು ತರಿಸಿಕೊಂಡವು. ಇದರಲ್ಲಿ ಗಾಳಿಯೂ ಇಲ್ಲ, ಕೊಳವೆಯೂ ಇಲ್ಲ. ಅಂಚಿನಲ್ಲಿ ಏರುತಗ್ಗುಗಳುಳ್ಳ ಲೋಹದ ಚಕ್ರಗಳು ಅಯಸ್ಕಾಂತಗಳ ಎದುರಿನಲ್ಲಿ ತಿರುಗುವುವು. ಅಲ್ಲಿ ಹುಟ್ಟುವ ವಿದ್ಯುತ್ತಿನ ಅಲೆಯೇ ಸ್ವರ. ವಿದ್ಯುತ್ ಗಿಟಾರಿನಲ್ಲಿಯೂ ಆಗುವುದು ಇದೇ, ಅಲ್ಲಿ ಅಯಸ್ಕಾಂತದೆದುರು ಕಂಪಿಸುವುದು ತಂತಿ. ಎರಡಕ್ಕೂ ಕುಲ ಒಂದೇ ಆಯಿತಷ್ಟೆ. ಜೊತೆಯ ಗಿಟಾರುವಾದಕನಾದ ರಿಚಿ ಬ್ಲ್ಯಾಕ್‌ಮೋರನ ಅಬ್ಬರದಲ್ಲಿ ತನ್ನ ವಾದ್ಯವು ಮುಳುಗಿಹೋಗುವುದನ್ನು ಕಂಡು ಲಾರ್ಡನು ಆರ್ಗನ್ನನ್ನು ಗಿಟಾರಿನ ಮಾರ್ಷಲ್ ಧ್ವನಿವರ್ಧಕಕ್ಕೇ ಜೋಡಿಸಿಬಿಟ್ಟನು. ಚರ್ಚಿನ ವಾದ್ಯವು ಸಿಂಹದಂತೆ ಗರ್ಜಿಸಿತು. 1970ರ ಇನ್ ರಾಕ್, 1972ರ ಮಷೀನ್ ಹೆಡ್ ಎಂಬ ಮುದ್ರಿಕೆಗಳಲ್ಲಿ ಎಲ್ಲಿ ಗಿಟಾರು ಮುಗಿದು ಎಲ್ಲಿ ಆರ್ಗನ್ನು ಆರಂಭವಾಗುವುದೋ ನನ್ನ ಮುದಿಕಿವಿಗೆ ಎಷ್ಟೋ ಕಡೆ ತಿಳಿಯಲಿಲ್ಲ. ಇದೇ ಲಾರ್ಡನು 1969ರಲ್ಲಿ ತಮ್ಮ ಮೇಳಕ್ಕೂ ದೊಡ್ಡ ವಾದ್ಯವೃಂದಕ್ಕೂ ಸೇರಿಸಿ ಒಂದು ಕೃತಿಯನ್ನು ರಚಿಸಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ನುಡಿಸಿದನು. ಅವನು 2012ರಲ್ಲಿ ತೀರಿಕೊಂಡನು. ಅವನ ವಾದ್ಯವನ್ನು ಮೃದುವೆಂದು ಹಳಿದವರನ್ನು ನಾನು ಕಾಣೆ.

ಉಳಿದವರಿಗೆ ಆ ಭಾಗ್ಯವಿರಲಿಲ್ಲ. ಬ್ಲ್ಯಾಕ್ ಸಬತ್ ಮೇಳದಲ್ಲಿ ಜೆಫ್ ನಿಕಲ್ಸ್ ಎಂಬಾತನು 1980ರಿಂದ ಬಹುವರ್ಷ ಕೀಬೋರ್ಡು ನುಡಿಸಿದನು. ಅದರಲ್ಲಿ ಬಹುಪಾಲನ್ನು ರಂಗದ ಮರೆಯಲ್ಲಿ ನಿಂತು ನುಡಿಸಿದನು. ಐರನ್ ಮೇಡನ್ ಎಂಬ ಮೇಳವು 1986ರಲ್ಲಿ ಗಿಟಾರಿಗೇ ಸಿಂಥಸೈಜರನ್ನು ಜೋಡಿಸಿ, 1988ರಲ್ಲಿ ಕೀಬೋರ್ಡನ್ನು ಒಳಗೆ ಕರೆದುಕೊಂಡಿತು. ಆದರೆ ಸಂಚಾರಗಳಲ್ಲಿ ಅದನ್ನು ಬಹುಕಾಲ ನುಡಿಸಿದ ಮೈಕೇಲ್ ಕೆನ್ನಿಯು ಮೇಳದ ಸದಸ್ಯನಲ್ಲ. ಹಗಲೆಲ್ಲ ಬಾಸ್ ಗಿಟಾರಿನ ತಂತಿಗಳನ್ನು ಸರಿಪಡಿಸುವ ಕೆಲಸದವನು. ಈ ಮೇಳವು 2007ನೆಯ ಮಾರ್ಚಿ 17ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ಕಚೇರಿ ಮಾಡಿತು. ಆಗ ಮಗನು ಅಲ್ಲಿ ಇಂಜಿನಿಯರಿಂಗ್ ಓದುತ್ತಿದ್ದನು, ಹೋಗಿದ್ದನು. “ಸ್ವರ ಕೇಳಿಸಿತು ಅಣ್ಣ, ನುಡಿಸುವವರು ನಾನು ನಿಂತಲ್ಲಿಗೆ ಕಾಣಲಿಲ್ಲ” ಎಂದು ಈಗ ಹೇಳಿದನು. ಆ ಮಾತನ್ನು ಕೇಳಿ ನಾನು ಎದ್ದು ವರಾಂಡಕ್ಕೆ ಹೋದೆನು.

ನನ್ನ ತಂದೆಯವರು ನಾಟಕದ ಕಂಪನಿಯಲ್ಲಿ ಹಾರ್ಮೋನಿಯಂ ಮೇಷ್ಟ್ರು. ಕಾಲಿನಿಂದ ತಿದಿಯನ್ನೊತ್ತುವ ದೊಡ್ಡ ಪೆಟ್ಟಿಗೆ. ರಂಗದ ಮುಂದಿನ ತಗ್ಗಿನಲ್ಲಿ ಪ್ರೇಕ್ಷಕರಿಗೆ ಬೆನ್ನುಹಾಕಿ ಕುಳಿತು ರಾತ್ರಿಯೆಲ್ಲ ನುಡಿಸುವರು, ನಟನು ಶ್ರುತಿ ತಪ್ಪಿದರೆ ಎತ್ತಿಕೊಡುವರು, ಚಪ್ಪಾಳೆ ನಟನಿಗೆ. ನಾನು ಬೆಳೆದುದು ಸೋದರಮಾವನ ಮನೆಯಲ್ಲಿ. ಅವರು ನನ್ನನ್ನು ಪಾಠಶಾಲೆಗೆ ಸೇರಿಸಿದರು. ಅಲ್ಲಿ ನಾನು ಕಲಿತ ಅನೇಕ ವಿಷಯಗಳಲ್ಲಿ ಹಾರ್ಮೋನಿಯಂ ಒಂದು ವಾದ್ಯವೇ ಅಲ್ಲವೆಂಬುದೂ ಒಂದು. ಅದು ಪರದೇಶದ ಪೆಟ್ಟಿಗೆ. ಹನ್ನೆರಡು ಮನೆಗಳಲ್ಲಿ ಸ್ವರವನ್ನು ಕಟ್ಟಿಹಾಕಿರುವುದು. ಮನೆಯಿಂದ ಮನೆಗೆ ನೆಗೆಯಬಹುದೇ ಹೊರತು ಜಾರಲಾಗದು, ಗಮಕವಿಲ್ಲ. ಆಲ್ ಇಂಡಿಯಾ ರೇಡಿಯೋದವರು 1940ರಲ್ಲಿ ಅದಕ್ಕೆ ಬಾಗಿಲು ಮುಚ್ಚಿದ್ದರು, 1971ರವರೆಗೆ ತೆರೆಯಲಿಲ್ಲ. ಈ ವಾದವನ್ನು ನಾನು ಹನ್ನೆರಡನೆಯ ವಯಸ್ಸಿನಲ್ಲಿ ಕಂಠಪಾಠ ಮಾಡಿದ್ದೆನು. ವಾದದಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಒಂದು ದಿನ, ಕಂಪನಿಯು ನಮ್ಮ ಊರಿನಲ್ಲಿ ಬಿಡಾರ ಮಾಡಿದ್ದಾಗ, ತಂದೆಯವರು ಕಾಗದದ ಪೊಟ್ಟಣದಲ್ಲಿ ಜಿಲೇಬಿಯನ್ನು ಕಟ್ಟಿಸಿಕೊಂಡು ಪಾಠಶಾಲೆಯ ಬಾಗಿಲಿಗೆ ಬಂದರು. ಜೊತೆಯ ವಿದ್ಯಾರ್ಥಿಗಳು ಯಾರೆಂದು ಕೇಳಿದರು. ನಮ್ಮೂರಿನವರು ಎಂದೆನು. ತಂದೆಯವರು ಮೂರು ಮಾರು ದೂರದಲ್ಲಿ ನಿಂತಿದ್ದರು. ಪೊಟ್ಟಣವನ್ನು ಕೊಟ್ಟು, “ಚೆನ್ನಾಗಿ ಓದು” ಎಂದು ಹೇಳಿ ಹೋದರು. ಮತ್ತೆ ಪಾಠಶಾಲೆಗೆ ಬರಲಿಲ್ಲ.

2007ರ ಆ ಬೇಸಗೆಯಲ್ಲಿ ಮಗನು ಊರಿಗೆ ಬಂದು, ಗೆಳೆಯರು ಕೂಡಿ ಹೆವಿ ಮೆಟಲ್ ಮೇಳವೊಂದನ್ನು ಕಟ್ಟಿರುವುದಾಗಿಯೂ, ತಾನು ಕೀಬೋರ್ಡು ನುಡಿಸುವುದಾಗಿಯೂ, ಒಳ್ಳೆಯದೊಂದನ್ನು ಕೊಳ್ಳಲು ಹಣ ಬೇಕೆಂದೂ ಕೇಳಿದನು. “ಪೆಟ್ಟಿಗೆ ಬಾರಿಸುವ ಕಸುಬು ಈ ಮನೆಗೆ ಒಂದು ತಲೆಮಾರಿಗೇ ಸಾಕಾಗಿದೆ” ಎಂದೆನು. ಅವನು ಬೇರೇನೂ ಕೇಳದೆ ರಾತ್ರಿಯ ಬಸ್ಸಿಗೆ ಹೊರಟುಹೋದನು. ಮುಂದಿನದನ್ನು ನಾನು ತಿಳಿದುದು ಕಳೆದ ವರ್ಷ, ಆ ಮೂರು ವಾರಗಳಲ್ಲಿ. ಸಾಲ ಮಾಡಿ ಹಳೆಯದೊಂದನ್ನು ಕೊಂಡನಂತೆ. ಆರು ತಿಂಗಳಿಗೆ ಮೇಳದ ಗೆಳೆಯರೇ, ಎರಡು ಗಿಟಾರುಗಳಿರುವಾಗ ಇದರ ಅಗತ್ಯವಿಲ್ಲ, ಸಂಗೀತ ಸಪ್ಪೆಯಾಗುವುದು ಎಂದು ಅವನನ್ನು ಬಿಟ್ಟರಂತೆ. ಮನೆಯಲ್ಲಿ ಅದು ಒರಟು ಸಂಗೀತವೆಂದು ದೂಷಣೆ, ಹೊರಗೆ ಅದು ಒರಟಲ್ಲವೆಂದು ದೂಷಣೆ. ಅವನಿದನ್ನು ನಗುತ್ತಲೇ ಹೇಳಿದನು.

ಗಮಕದ ಆಕ್ಷೇಪಣೆಯನ್ನು ನಾನು ಬಿಟ್ಟಿರಲಿಲ್ಲ. ಬಿಟ್ಟರೆ ಪಾಠಶಾಲೆಯವನೆಂದು ಹೇಳಿಕೊಳ್ಳುವುದಾದರೂ ಹೇಗೆ? ಕೇಳಿಯೇಬಿಟ್ಟೆನು. ಅವನು ಉತ್ತರವಾಗಿ ವಾದ್ಯದ ಎಡತುದಿಯಲ್ಲಿದ್ದ ಒಂದು ಚಿಕ್ಕ ಚಕ್ರವನ್ನು ತೋರಿಸಿದನು. ಅಮೆರಿಕದ ರಾಬರ್ಟ್ ಮೂಗ್ ಎಂಬಾತನು 1964ರಲ್ಲಿ ತನ್ನ ಸಿಂಥಸೈಜರನ್ನು ಲೋಕಕ್ಕೆ ತೋರಿಸಿದನು; ಅದರಲ್ಲಿ ಚಕ್ರವೂ ಇಲ್ಲ, ತಂತಿಯೂ ಇಲ್ಲ, ವಿದ್ಯುತ್ತೇ ಕಂಪಿಸಿ ಸ್ವರವಾಗುವುದು, ಆ ಸ್ವರವನ್ನು ಸೋಸಿ ಬೇಕಾದ ಬಣ್ಣಕ್ಕೆ ತರುವರು. ಭರತನ ನಾಲ್ಕು ವರ್ಗಗಳಲ್ಲಿ ಇದನ್ನು ಎಲ್ಲಿಡಬೇಕೆಂದು ನಾನೊಂದು ರಾತ್ರಿಯೆಲ್ಲ ಯೋಚಿಸಿ ಸೋತೆನು. 1970ರ ಮಿನಿಮೂಗ್ ಎಂಬ ಚಿಕ್ಕ ಮಾದರಿಯಲ್ಲಿ ಎಡಗೈಗೆಂದು ಈ ಚಕ್ರವು ಬಂದಿತು. ಬಲಗೈ ಮನೆಯನ್ನೊತ್ತಿರುವಾಗ ಎಡಗೈ ಚಕ್ರವನ್ನು ಒತ್ತಿದರೆ ಸ್ವರವು ಮನೆಯನ್ನು ಬಿಟ್ಟು ಮೇಲಕ್ಕೆ ಜಾರುವುದು, ನಡುಗುವುದು, ಹಿಂದಿರುಗುವುದು. ಸ್ಟ್ರಾಟೋವೇರಿಯಸ್ ಮೇಳದ ಯೆನ್ಸ್ ಯೋಹಾನ್ಸನ್, ಡ್ರೀಮ್ ಥಿಯೇಟರ್ ಮೇಳದ ಜೋರ್ಡನ್ ರೂಡೆಸ್ ಇವರು ಈ ಚಕ್ರದ ಬಲದಿಂದ ಗಿಟಾರಿನೊಡನೆ ಸರಿಸಮವಾಗಿ ಪಂದ್ಯ ಹೂಡುವರು. ಮಗನು ನನಗಾಗಿ ಒಂದು ಸ್ವರವನ್ನು ಹಿಡಿದು ಚಕ್ರವನ್ನು ಮೆಲ್ಲಗೆ ತಿರುಗಿಸಿದನು. ಅದು ನಮ್ಮ ಕಂಪಿತವಲ್ಲ, ವೀಣೆಯವರು ಒಪ್ಪಲಾರರು. ಆದರೆ ಹನ್ನೆರಡು ಮನೆಗಳ ಗೋಡೆಯೊಳಗಿಂದ ಒಂದು ಸ್ವರವು ಹೊರಕ್ಕೆ ಕಾಲಿಟ್ಟುದನ್ನು ಕಿವಿಯಾರೆ ಕೇಳಿದೆನು.

ದಸರೆಗೆ ಅವನು ಊರಿಗೆ ಬಂದಾಗ ಅಟ್ಟದ ಮೇಲಿದ್ದ ತಂದೆಯವರ ಪೆಟ್ಟಿಗೆಯನ್ನು ಇಬ್ಬರೂ ಹಿಡಿದು ಇಳಿಸಿದೆವು. ಧೂಳೊರಸಿ, “ತಾತ ಯಾವ ಮನೆಯನ್ನು ಷಡ್ಜ ಮಾಡಿಕೊಳ್ಳುತ್ತಿದ್ದರು ಅಣ್ಣ?” ಎಂದು ಕೇಳಿದನು. ನನಗೆ ತಿಳಿಯದು. ನಾನೊಂದು ರಾತ್ರಿಯೂ ಆ ತಗ್ಗಿನ ಬಳಿ ಕುಳಿತವನಲ್ಲ. ಅವನು ಬಾಗಿ, ಬೆಳಕಿಗೆ ಓರೆಯಾಗಿ ಮನೆಗಳನ್ನು ಒಂದೊಂದಾಗಿ ನೋಡುತ್ತ ಹೋದನು. ನಡುವಣ ನಾಲ್ಕನೆಯ ಬಿಳಿಯ ಮನೆಯೂ ಅದರ ಪಂಚಮವೂ ಉಳಿದವುಗಳಿಗಿಂತ ಆಳವಾಗಿ ಸವೆದು, ಬೆರಳಿನಷ್ಟಗಲ ಗುಳಿ ಬಿದ್ದಿದ್ದವು. “ಬಿಳಿ ನಾಲ್ಕು” ಎಂದು ಅವನು ಗುಳಿಯಲ್ಲಿ ಬೆರಳಿಟ್ಟು ಒತ್ತಿದನು. ತಿದಿಯನ್ನು ಇಲಿಗಳು ಕಡಿದಿದ್ದವು, ಸ್ವರ ಹೊರಡಲಿಲ್ಲ. ಪೆಟ್ಟಿಗೆ ಈಗ ಬೆಂಗಳೂರಿನಲ್ಲಿ ಅವನ ಕೋಣೆಯಲ್ಲಿರುವುದು. ತಿದಿಯನ್ನು ಸರಿಮಾಡುವವರೊಬ್ಬರನ್ನು ವಿಚಾರಿಸುತ್ತಿರುವುದಾಗಿ ಮೊನ್ನೆ ತಿಳಿಸಿದನು.